ಬ್ಯಾಂಕು ಒಲ್ಲೆಂದ ಪ್ಲಾಟ್: ಆಕ್ಷೇಪಗಳಿಗೆ ಒಂದು ಪ್ರತ್ಯುತ್ತರ

ಮೊದಲ ಸಲ ಪ್ಲಾಟ್ ಕೊಳ್ಳಲು ಹೊರಟವರಿಗೆ ನಾನು ಹೇಳುತ್ತ ಬಂದಿರುವುದು ಒಂದೇ ಮಾತು. ಯಾವ ಪ್ಲಾಟಿಗೆ ಬ್ಯಾಂಕು ಸಾಲ ಕೊಡಲು ಒಲ್ಲೆ ಅನ್ನುತ್ತದೋ ಅದಕ್ಕೆ ಸಂಚಕಾರ ಕೊಡಬೇಡಿ. ನಿಮಗೆ ಸಾಲ ಬೇಕೋ ಬೇಡವೋ ಅದು ಬೇರೆ ಮಾತು. ನಾಳೆ ನಿಮ್ಮಿಂದ ಕೊಳ್ಳುವವನಿಗೆ ಬೇಕಾಗುತ್ತದೆ. ಸಾಲ ಹುಟ್ಟದ ಪ್ಲಾಟನ್ನು ಕೊಳ್ಳಬಲ್ಲವನು ನಗದು ಇಟ್ಟುಕೊಂಡು ಕೂತವನು ಮಾತ್ರ. ಅವನು ಹೇಳಿದ ರೇಟಿಗೆ ನೀವು ಕೊಟ್ಟು ಬರಬೇಕು.

ಕುಷ್ಟಗಿಯಲ್ಲಿ ದಸ್ತಾವೇಜು ಬರೆಯುತ್ತ ತಲೆ ಬೆಳ್ಳಗಾದವನು ನಾನು. ಈ ಮಾತು ಹೇಳಿದಾಗಲೆಲ್ಲ ಸಿಟ್ಟಿಗೇಳುವವರು ಮೂರು ತರದವರು: ಪ್ಲಾಟ್ ಮಾರುವವರು, ನಡುವೆ ನಿಂತ ದಲಾಲರು, ಆಗಲೇ ಕೊಂಡು ಕೂತವರು. ಮೊದಲಿನಿಬ್ಬರ ಸಿಟ್ಟು ಸಹಜ. ಮೂರನೆಯವರದು ಸಂಕಟ. ಅವರೆಲ್ಲರ ಮಾತುಗಳನ್ನೂ ಇಲ್ಲಿ ಒಂದೊಂದಾಗಿ ತೆಗೆದುಕೊಳ್ಳುತ್ತೇನೆ. ಕೆಲವಕ್ಕೆ ಉದ್ದ ಉತ್ತರ ಬೇಕು, ಕೆಲವಕ್ಕೆ ಎರಡು ಸಾಲು ಸಾಕು.

“ರೈಲು ಬಂದೈತ್ರೀ ಕಾಕಾ. ಈಗ ಹಿಡೀಲಿಲ್ಲಂದ್ರ ಇನ್ಯಾವಾಗ ಹಿಡಿಯೂದು?”

ಬಂದಿದೆ, ನಿಜ. 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಗೆ ಮೊದಲ ರೈಲು ಹೊರಟಾಗ ನಿಲ್ದಾಣದಲ್ಲಿ ನಾನೂ ನಿಂತಿದ್ದೆ. ಕಣ್ಣು ತುಂಬಿದ್ದೂ ಹೌದು. ಆದರೆ ಆ ರೈಲು ಮೊನ್ನೆ ದಿಢೀರನೆ ಬಂದದ್ದಲ್ಲ. ಗದಗ–ವಾಡಿ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 2013–14ರಲ್ಲಿ. ತಳಕಲ್‌ನಿಂದ ಕುಷ್ಟಗಿ ಮುಟ್ಟಲು ಹನ್ನೊಂದು ವರ್ಷ ಹಿಡಿಯಿತು. ಈ ಹನ್ನೊಂದು ವರ್ಷವೂ “ರೈಲು ಬರತೈತಿ” ಎಂಬ ಮಾತಿನ ಮೇಲೆಯೇ ಹೊಲಗಳು ಕೈ ಬದಲಾದವು. ಇವತ್ತು ನಿಮಗೆ ಹೇಳುತ್ತಿರುವ ರೇಟಿನೊಳಗೆ ರೈಲಿನ ಬೆಲೆ ಆಗಲೇ ಸೇರಿಹೋಗಿದೆ. ಅದನ್ನು ಕಟ್ಟುವವರು ನೀವು, ಉಂಡವರು ಹಿಂದಿನವರು.

ನಮ್ಮ ಜಿಲ್ಲೆಯದೇ ಇನ್ನೊಂದು ಮಾರ್ಗ ನೋಡಿ. ಮುನಿರಾಬಾದ್–ಮಹಬೂಬನಗರ ಮಾರ್ಗಕ್ಕೆ ಮಂಜೂರಾತಿ ಸಿಕ್ಕಿದ್ದು 1997–98ರಲ್ಲಿ. ಗಂಗಾವತಿ ರೈಲು ಕಂಡದ್ದು 2019ರಲ್ಲಿ, ಸಿಂಧನೂರು 2024ರಲ್ಲಿ. 1998ರಲ್ಲಿ “ಸ್ಟೇಷನ್ ಹತ್ರ” ಎಂದು ಪ್ಲಾಟ್ ಹಿಡಿದ ಮೂವತ್ತರ ತರುಣ ಗಂಗಾವತಿಯಲ್ಲಿ ರೈಲು ಹತ್ತುವಾಗ ಐವತ್ತು ದಾಟಿದ್ದ. ಮಗಳ ಮದುವೆ, ಮಗನ ಕಾಲೇಜು ಎಲ್ಲವೂ ಆ ನಡುವೆಯೇ ಬಂದು ಹೋದವು. ಅವನಿಗೆ ಬೇಕಾದಾಗ ಆ ಪ್ಲಾಟ್ ದುಡ್ಡಾಯಿತೇ ಎಂಬುದು ಪ್ರಶ್ನೆ. ಕೊನೆಗೆ ರೈಲು ಬಂತೇ ಎಂಬುದಲ್ಲ.

ಹೆದ್ದಾರಿಯ ಮಾತೂ ಇಷ್ಟೇ. ವಿಜಯಪುರ–ಚಿತ್ರದುರ್ಗದ ಹೆದ್ದಾರಿ 50 ನಮ್ಮೂರ ಮೇಲೆಯೇ ಹಾದುಹೋಗುತ್ತದೆ. “ಹೈವೇ ಟಚ್” ಎಂದ ಕೂಡಲೇ ರೇಟು ಎರಡು ಪಟ್ಟು. ಊರ ಹೊರಗೆ ಹೆದ್ದಾರಿಯ ನಡುಗೆರೆಯಿಂದ 40 ಮೀಟರಿನ ಒಳಗೆ ಕಟ್ಟಡಕ್ಕೆ ಸಾಮಾನ್ಯವಾಗಿ ಅನುಮತಿ ಇಲ್ಲ ಎಂಬುದನ್ನು ಮಾರುವವನು ಬಾಯಿ ಬಿಟ್ಟು ಹೇಳುವುದಿಲ್ಲ. ರೈಲ್ವೆ ಗಡಿಗೆ ಅಂಟಿದ ನೆಲದಲ್ಲಿ ಕಟ್ಟಲು ರೈಲ್ವೆಯವರ ನಿರಾಕ್ಷೇಪಣೆ ಬೇಕು, ಅದನ್ನೂ ಹೇಳುವುದಿಲ್ಲ. ಮುಂದಿನ ಸಾಲಿನ ಪ್ಲಾಟ್ ಕೊಂಡು ಹಿಂದಿನ ಸಾಲಿನವನಿಗೆ ಅಂಗಳ ಮಾಡಿಕೊಟ್ಟ ಜನ ಇದ್ದಾರೆ.

ಇದರ ಬೆನ್ನಿಗೇ ಬರುವ ಮಾತು ಕಾರ್ಖಾನೆಯದು. ಭಾನಾಪುರದಲ್ಲಿ ಆಟಿಕೆ ಕ್ಲಸ್ಟರ್ ಬಂತು, ಕೊಪ್ಪಳದಲ್ಲಿ ಉಕ್ಕು ಬರುತ್ತದೆ, ಸುತ್ತಲೂ ರೇಟು ಏರುತ್ತದೆ ಎನ್ನುತ್ತಾರೆ. 2025ರ ಫೆಬ್ರುವರಿ 24ರಂದು ಕೊಪ್ಪಳ ಊರಿಗೆ ಊರೇ ಬಂದ್ ಆಗಿ, ಗವಿಮಠದ ಸ್ವಾಮಿಗಳೂ ಬೀದಿಗಿಳಿದದ್ದು ಉಕ್ಕಿನ ಕಾರ್ಖಾನೆಯ ವಿಸ್ತರಣೆ ಬೇಡವೆಂದೇ. ಬೂದಿ ಬೀಳುವ ಕಡೆ ಕೆಲಸಗಾರರಿಗೆ ಬಾಡಿಗೆ ಕೋಣೆ ಕಟ್ಟಬಹುದೇನೋ. ಮನೆ ಕಟ್ಟಿಕೊಂಡು ಇರುತ್ತೇನೆ ಎನ್ನುವವನು ಅಲ್ಲಿ ಪ್ಲಾಟ್ ಕೇಳಿಕೊಂಡು ಬರುವುದಿಲ್ಲ. ಯಾರಿಗೆ ಮಾರಬೇಕೆಂದು ತಿಳಿಯದೆ ಕೊಳ್ಳುವುದೆಂದರೆ ಇದೇ.

“ಎನ್‌ಎ ಆಗೇತಿ, ಡಿಸಿ ಸಾಹೇಬ್ರ ಆರ್ಡರ್ ಐತಿ. ಮತ್ತೇನು ಬೇಕು ನಿಮಗ?”

ಇನ್ನೂ ನಾಲ್ಕು ಕಾಗದ ಬೇಕು. ಕೃಷಿ ಜಮೀನು ಕೃಷಿಯೇತರವಾಗಿದೆ ಎಂದಷ್ಟೇ ಎನ್‌ಎ ಆದೇಶ ಹೇಳುತ್ತದೆ. ಭೂಕಂದಾಯ ಕಾಯ್ದೆಯ 95ನೇ ಕಲಮಿನ ಕೆಲಸ ಅಲ್ಲಿಗೆ ಮುಗಿಯಿತು. ಆ ನೆಲವನ್ನು ಪ್ಲಾಟುಗಳಾಗಿ ಒಡೆಯಲು ಯೋಜನಾ ಪ್ರಾಧಿಕಾರ ಒಪ್ಪಿದ ಬಡಾವಣೆ ನಕ್ಷೆ ಬೇಕು. ರಸ್ತೆ, ಚರಂಡಿ, ವಿದ್ಯುತ್ ಕಂಬ ಆದಂತೆ ಪ್ಲಾಟ್ ಬಿಡುಗಡೆಯ ಆದೇಶ ಬೇಕು. ರಸ್ತೆ, ಉದ್ಯಾನದ ಜಾಗವನ್ನು ಪುರಸಭೆಗೋ ಪಂಚಾಯಿತಿಗೋ ಒಪ್ಪಿಸಿದ ಪತ್ರ ಬೇಕು. ಕೊನೆಗೆ ಆ ಒಂದು ಪ್ಲಾಟಿನ ಹೆಸರಿಗೆ ಇ-ಖಾತೆ ಇರಬೇಕು: ಪಂಚಾಯಿತಿಯಾದರೆ ನಮೂನೆ 9 ಮತ್ತು 11ಎ, ಪುರಸಭೆಯಾದರೆ ಎ ಖಾತಾ.

ಎನ್‌ಎ ಆದೇಶವನ್ನೇ ಪೂರ್ತಿ ಓದದವರು ಎಷ್ಟು ಜನ! ಯಾವ ಉದ್ದೇಶಕ್ಕೆ ಎಂದು ಅದರಲ್ಲಿ ಬರೆದಿರುತ್ತದೆ. ಕೈಗಾರಿಕೆಗೆಂದು ಎನ್‌ಎ ಆದ ನೆಲದಲ್ಲಿ ಮನೆ ಪ್ಲಾಟ್ ಮಾರುವವರಿದ್ದಾರೆ. ಇಡೀ ಸರ್ವೆ ನಂಬರಿಗೋ, ಅದರ ಒಂದು ಹಿಸ್ಸಾಕ್ಕೋ ಎಂದೂ ಬರೆದಿರುತ್ತದೆ. ನಾಲ್ಕು ಎಕರೆ ಹೊಲದಲ್ಲಿ ಎರಡೆಕರೆಗೆ ಎನ್‌ಎ ಮಾಡಿಸಿ, ಅದೇ ಆದೇಶ ತೋರಿಸಿ ನಾಲ್ಕೂ ಎಕರೆ ಮಾರಿದರೆ, ಉಳಿದ ಎರಡೆಕರೆಯಲ್ಲಿ ಪ್ಲಾಟ್ ಕೊಂಡವನ ಪಾಡೇನು?

ಕಾಗದ ಓದಲು ಬಾರದವರಿಗೂ ಒಂದು ಲೆಕ್ಕ ಇದೆ. ಒಂದು ಎಕರೆ ಅಂದರೆ 40 ಗುಂಟೆ, 43,560 ಚದರ ಅಡಿ. ಮೂವತ್ತು-ನಲವತ್ತರ ಪ್ಲಾಟ್ 1,200 ಚದರ ಅಡಿ. ಒಂದಿಂಚೂ ಬಿಡದೆ ಕೊಯ್ದರೆ ಎಕರೆಗೆ 36 ಪ್ಲಾಟ್. ನಿಯಮದಂತೆ ರಸ್ತೆ, ಉದ್ಯಾನ, ನಾಗರಿಕ ಸೌಲಭ್ಯದ ಜಾಗ ಬಿಟ್ಟರೆ ಮಾರಲು ಉಳಿಯುವುದು ಸುಮಾರು ಅರ್ಧ ನೆಲ. ಹದಿನೆಂಟು, ಹೆಚ್ಚೆಂದರೆ ಇಪ್ಪತ್ತು ಪ್ಲಾಟ್. ಎಕರೆಯಲ್ಲಿ ಮೂವತ್ತು ಪ್ಲಾಟ್ ಹಾಕಿದ್ದಾರೆ ಎಂದರೆ ನಕ್ಷೆಗೆ ಒಪ್ಪಿಗೆ ಸಿಕ್ಕಿಲ್ಲ ಎಂದು ಅಲ್ಲೇ ತಿಳಿಯಿರಿ. ಟೇಪು ಹಿಡಿದು ರಸ್ತೆ ಅಳೆಯಿರಿ. ಮೂವತ್ತು ಅಡಿಯ ಬದಲು ಹದಿನೆಂಟು ಅಡಿ ಬಂದರೆ ಮನೆಗೆ ಹೋಗಿ ಊಟ ಮಾಡಿ.

“ಎಲ್ಲಾರ್ದೂ ಹಂಗ ಐತಿ. ಇವತ್ತಲ್ಲಾ ನಾಳೆ ಸರ್ಕಾರ ಸಕ್ರಮ ಮಾಡೇ ಮಾಡ್ತೈತಿ.”

ಈ ಆಸೆಗೆ ದೊಡ್ಡ ಇತಿಹಾಸವಿದೆ. ಅಕ್ರಮ-ಸಕ್ರಮ ಎಂಬ ಮಾತು ಎಷ್ಟು ಚುನಾವಣೆ ಕಂಡಿದೆ! 2014ರಲ್ಲಿ ನಿಯಮಗಳೂ ಬಂದವು, 2016ರ ಕೊನೆಗೆ ಹೈಕೋರ್ಟ್ ಹಸಿರು ನಿಶಾನೆಯನ್ನೂ ತೋರಿತು. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಸಕ್ರಮವಾಗುತ್ತದೆಂದು 2014ರಲ್ಲಿ ರೆವಿನ್ಯೂ ಪ್ಲಾಟ್ (ಬಡಾವಣೆ ಒಪ್ಪಿಗೆಯಿಲ್ಲದ ಹೊಲದ ತುಂಡು) ಕೊಂಡವರು ಏನಾದರು ಎಂದು ಕೇಳಿ ನೋಡಿ.

2025ರಲ್ಲಿ ಪುರಸಭೆ, ಪಟ್ಟಣ ಪಂಚಾಯಿತಿಗಳಲ್ಲಿ ಬಿ ಖಾತಾ ಕೊಡುವ ಅಭಿಯಾನ ನಡೆಯಿತು. ಇದನ್ನು ನನ್ನ ಮುಖಕ್ಕೆ ಹಿಡಿದು “ನೋಡ್ರಿ, ಮಾಡ್ಯಾರಲ್ಲ” ಎಂದವರಿದ್ದಾರೆ. ಸರಿ, ಅದರಲ್ಲೇನಿದೆ? 2024ರ ಸೆಪ್ಟೆಂಬರ್ 10ಕ್ಕೂ ಹಿಂದಿನ ಆಸ್ತಿಗಳಿಗೆ ಎಂದು ಗೆರೆ ಎಳೆದಿದ್ದಾರೆ. ಹಳೆಯದಕ್ಕೆ ಒಂದು ದಾರಿ, ಹೊಸ ಅನಧಿಕೃತ ಬಡಾವಣೆಗೆ ಬಾಗಿಲು ಬಂದ್. ಇವತ್ತು ಹೊಸದಾಗಿ ಕೊಳ್ಳುತ್ತಿರುವ ನೀವು ಆ ಗೆರೆಯ ಯಾವ ಕಡೆ ಇದ್ದೀರಿ? ಬಿ ಖಾತಾ ಇರುವುದು ಮುಖ್ಯವಾಗಿ ತೆರಿಗೆ ತುಂಬಲಿಕ್ಕೆ. ಪಂಚಾಯಿತಿಯ 11ಬಿ ಕೂಡ ಹಾಗೆಯೇ. ಬ್ಯಾಂಕಿನ ಮ್ಯಾನೇಜರು ಅದನ್ನು ನೋಡಿ ಮುಖ ತಿರುಗಿಸುತ್ತಾನೆ. ಅಪ್ಪ ಕಟ್ಟಿದ ಹಳೆ ಮನೆಗೆ ಬಿ ಖಾತಾ ಸಿಕ್ಕರೆ ಸಂತೋಷಪಡಿ. ಹೂಡಿಕೆಗೆಂದು ಬಿ ಖಾತಾ ಹುಡುಕಿಕೊಂಡು ಹೋಗಬೇಡಿ.

“ಅವ್ರ ಮನಿತನ ನಮಗ ಗೊತ್ತೈತಿ. ಬಾಂಡ್ ಮ್ಯಾಲ ಬರಕೊಂಡ್ರ ಸಾಕು, ರಿಜಿಸ್ಟ್ರಿ ಆಮ್ಯಾಗ ನೋಡೂಣು.”

ನನಗೆ ಅತಿ ಹೆಚ್ಚು ಬೇಜಾರು ತರಿಸುವ ಮಾತು ಇದು, ಯಾಕೆಂದರೆ ಆ ಬಾಂಡ್ ಬರೆದುಕೊಡಿ ಎಂದು ಬರುವುದು ನನ್ನ ಹತ್ತಿರವೇ. ನೂರು ರೂಪಾಯಿಯೋ ಐನೂರರದೋ ಬಾಂಡಿನ ಮೇಲೆ, ನಾಲ್ಕು ಸಾಕ್ಷಿ, ಎರಡು ಹೆಬ್ಬೆಟ್ಟು. ಕೊಂಡವನು ಅದನ್ನು ಟ್ರಂಕಿನಲ್ಲಿಟ್ಟು ಪ್ಲಾಟ್ ತನ್ನದಾಯಿತು ಎಂದು ನಿದ್ದೆ ಮಾಡುತ್ತಾನೆ. ನೂರು ರೂಪಾಯಿ ಅಥವಾ ಅದಕ್ಕೂ ಹೆಚ್ಚು ಬೆಲೆಯ ಸ್ಥಿರಾಸ್ತಿಯ ಮಾಲೀಕತ್ವ ಕೈ ಬದಲಾಗುವುದು ನೋಂದಾಯಿತ ಖರೀದಿ ಪತ್ರದಿಂದ. ಇಕರಾರು ಪತ್ರ, ಮುಖ್ತ್ಯಾರು ಪತ್ರಗಳಿಂದ ಮಾಲೀಕತ್ವ ಬಾರದು ಎಂದು ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರಲ್ಲೇ ಬಿಡಿಸಿ ಹೇಳಿದೆ. ಇಕರಾರಿನ ಮೇಲೆ ಕೋರ್ಟಿಗೆ ಹೋಗಬೇಕೆಂದರೂ ಮೂರು ವರ್ಷದ ಗಡುವಿದೆ. “ಆಮ್ಯಾಗ ನೋಡೂಣು” ಎನ್ನುವವರು ಸಾಮಾನ್ಯವಾಗಿ ನಾಲ್ಕನೇ ವರ್ಷ ನೋಡಲು ಬರುತ್ತಾರೆ.

ಮನೆತನದ ಮಾತಿಗೆ ಬರೋಣ. ಮಾರುವ ಹಿರಿಯರು ಒಳ್ಳೆಯವರೇ ಇರಬಹುದು. ಆದರೆ ಪಹಣಿಯ 9ನೇ ಕಾಲಂನಲ್ಲಿ ಅವರೊಬ್ಬರ ಹೆಸರಿದೆ ಎಂದ ಮಾತ್ರಕ್ಕೆ ಹೊಲ ಅವರೊಬ್ಬರದೇ ಆಗುವುದಿಲ್ಲ. ಪಿತ್ರಾರ್ಜಿತವಾದರೆ ಅಕ್ಕ-ತಂಗಿಯರ ಪಾಲು ಇದೆ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿ ಹೆಣ್ಣುಮಕ್ಕಳಿಗೆ ಗಂಡುಮಕ್ಕಳ ಸಮನಾದ ಹಕ್ಕು ಕೊಟ್ಟಿತು. ಆಗ ತಂದೆ ಬದುಕಿರಲಿ, ಇಲ್ಲದಿರಲಿ, ಹಕ್ಕು ಹುಟ್ಟಿನಿಂದಲೇ ಎಂದು 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿತು. 2004ರ ಡಿಸೆಂಬರ್ 20ಕ್ಕೂ ಮೊದಲೇ ವಾಟ್ನಿಯೋ (ಪಾಲು ವಿಂಗಡಣೆ) ಮಾರಾಟವೋ ಮುಗಿದುಹೋಗಿದ್ದರೆ ಅದು ಬೇರೆ ಕಥೆ. ಉಳಿದಂತೆ, ಹುನಗುಂದಕ್ಕೋ ಲಿಂಗಸುಗೂರಿಗೋ ಕೊಟ್ಟ ತಂಗಿ “ನನ್ನ ಸಹಿ ಎಲ್ಲೈತಿ?” ಎಂದು ದಾವೆ ಹೂಡಿದರೆ ನಿಮ್ಮ ಪ್ಲಾಟ್ ಆ ದಾವೆಯೊಳಗೆ ಸಿಕ್ಕಿಕೊಳ್ಳುತ್ತದೆ. ಅವಳದು ತಪ್ಪು ಅನ್ನುವ ಜನ ನಮ್ಮಲ್ಲಿ ಬಹಳ. ನನ್ನ ಕಣ್ಣಿಗೆ ತಪ್ಪು ಕಂಡದ್ದು ಅವಳ ಸಹಿ ಕೇಳದೆ ದುಡ್ಡು ಎಣಿಸಿಕೊಟ್ಟವನದು. ವಂಶವೃಕ್ಷ ತರಿಸಿ. ಅದರಲ್ಲಿರುವ ಪ್ರತಿ ಹೆಸರೂ ಖರೀದಿ ಪತ್ರದಲ್ಲಿ ಸಹಿಯಾಗಿಯೋ, ನೋಂದಾಯಿತ ಹಕ್ಕು ಬಿಡುಗಡೆ ಪತ್ರವಾಗಿಯೋ ಬರಬೇಕು. ಅಪ್ರಾಪ್ತ ಮಕ್ಕಳ ಪಾಲಿದ್ದರೆ ವಕೀಲರನ್ನು ಕೇಳದೆ ಒಂದು ಹೆಜ್ಜೆಯನ್ನೂ ಇಡಬೇಡಿ.

ಪಹಣಿಯನ್ನೇ ಕೈಯಲ್ಲಿ ಹಿಡಿದು ನೋಡೋಣ. ದಲಾಲರು ತೋರಿಸುವುದು 9ನೇ ಕಾಲಂ, ಮಾಲೀಕನ ಹೆಸರು. ನೀವು ನೋಡಬೇಕಾದದ್ದು ಅದರ ಪಕ್ಕದ ಎರಡು. 10ನೇ ಕಾಲಂನಲ್ಲಿ ಈ ಹೆಸರು ಹೇಗೆ ಬಂತು, ಖರೀದಿಯೋ ವಾರಸಾವೋ ವಾಟ್ನಿಯೋ, ಯಾವ ಎಂಆರ್ (ಮ್ಯುಟೇಷನ್ ರಿಜಿಸ್ಟರ್) ನಂಬರ್ ಎಂದಿರುತ್ತದೆ. ಆ ಎಂಆರ್ ತೆಗೆಸಿ. 11ನೇ ಕಾಲಂನಲ್ಲಿ ಬೋಜಾ, ಅಂದರೆ ಬ್ಯಾಂಕಿನ, ಸೊಸೈಟಿಯ ಸಾಲ. ತೀರಿದ ಸಾಲದ ಬೋಜಾವನ್ನೂ ತೆಗೆಸದೆ ಬಿಟ್ಟಿರುತ್ತಾರೆ. ತೀರಿದೆಯೋ ಇಲ್ಲವೋ ಎಂದು ಬಾಯಿಮಾತಿಗೆ ನಂಬಬೇಡಿ, ಬ್ಯಾಂಕಿನ ಪತ್ರ ಕೇಳಿ. ಮೇಲ್ಗಡೆ ವಿಸ್ತೀರ್ಣದ ಕೆಳಗೆ ಖರಾಬಿನ ಸಾಲು ಇದೆ. ‘ಅ’ ಖರಾಬು, ‘ಬ’ ಖರಾಬು. ‘ಬ’ ಎಂದರೆ ಹಳ್ಳ, ದಾರಿ, ಸಾರ್ವಜನಿಕ ಜಾಗ. ಅದನ್ನು ಮಾರಲು ಯಾರಿಗೂ ಹಕ್ಕಿಲ್ಲ. ಬೇಸಿಗೆಯಲ್ಲಿ ಹಳ್ಳ ಬತ್ತಿ, ಬಳ್ಳಾರಿ ಜಾಲಿ ಕಡಿದು, ಮೊರಂ ಹಾಕಿ ಸಪಾಟು ಮಾಡಿದರೆ ಎಷ್ಟು ಚೆಂದದ ಪ್ಲಾಟ್! ಮಳೆಗಾಲದಲ್ಲಿ ಒಮ್ಮೆ ಬಂದು ನೋಡದೆ ಕೊಳ್ಳಬೇಡಿ.

ನಮ್ಮದು ನಿಜಾಮರ ಸೀಮೆಯಾಗಿದ್ದ ನಾಡು. ದೊಡ್ಡ ಮೊತ್ತದ ಹೊಲವಾದರೆ 1954–55ರ ಖಾಸ್ರಾ ಪಹಣಿಯ ತನಕ ಹಿಂದೆ ಹೋಗುವ ವಕೀಲರೇ ಒಳ್ಳೆಯ ವಕೀಲರು. ಮೂವತ್ತು ವರ್ಷದ ಇಸಿ (ಋಣಭಾರ ಪ್ರಮಾಣಪತ್ರ) ತೆಗೆಸಿ. ಆನ್‌ಲೈನಿನಲ್ಲಿ ಸಿಗುವುದು 2004ರಿಂದ ಈಚಿನದು, ಹಿಂದಿನದಕ್ಕೆ ಕಚೇರಿಯಲ್ಲೇ ಅರ್ಜಿ ಕೊಡಬೇಕು. ಇಸಿಯಲ್ಲಿ “ನಿಲ್” ಬಂತೆಂದು ಕುಣಿಯಬೇಡಿ. ನೋಂದಣಿಯಾಗದ ಇಕರಾರು ಅದರಲ್ಲಿ ಕಾಣುವುದಿಲ್ಲ, ಕೋರ್ಟಿನ ದಾವೆಯೂ ಕಾಣುವುದಿಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ಕುಷ್ಟಗಿ ನ್ಯಾಯಾಲಯ ಆರಿಸಿ ಮಾರುವವರ ಹೆಸರು ಹಾಕಿ ನೋಡಲು ಹತ್ತು ನಿಮಿಷ ಸಾಕು, ದುಡ್ಡೂ ಬೇಡ. ಯಾರೂ ನೋಡುವುದಿಲ್ಲ.

“ಪೂರಾ ರೇಟ್ ಬರ್ಸಿದ್ರ ಸ್ಟ್ಯಾಂಪಿಗೇ ಎಲ್ಲಾ ಹೋಗ್ತೈತಿ. ಸರ್ಕಾರದ ರೇಟಿಗೆ ಬರಸ್ರಿ, ಉಳಿದದ್ದು ಕೈಯಾಗ ಕೊಟ್ರಾತು.”

2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಒಂದರಿಂದ ಎರಡು ಪರ್ಸೆಂಟಿಗೆ ಏರಿದ ಮೇಲೆ ಈ ಮಾತಿಗೆ ಬಲ ಬಂದಿದೆ. ಮುದ್ರಾಂಕ, ಸೆಸ್ಸು, ಸರ್ಚಾರ್ಜು, ನೋಂದಣಿ ಎಲ್ಲ ಸೇರಿ ಹೆಚ್ಚುಕಡಿಮೆ 7.6 ಪರ್ಸೆಂಟ್. ಭಾರವೇ ಸರಿ. ಆದರೆ ಯಾರ ಲಾಭಕ್ಕೆ ಬೆಲೆ ಕಡಿಮೆ ಬರೆಸುತ್ತಿದ್ದೀರಿ? ಹತ್ತು ಲಕ್ಷ ಕೊಟ್ಟು ನಾಲ್ಕು ಲಕ್ಷ ಬರೆಸಿದರೆ, ವ್ಯವಹಾರ ಮುರಿದು ಕೋರ್ಟಿಗೆ ಹೋದ ದಿನ ನೀವು ಕೊಟ್ಟದ್ದು ನಾಲ್ಕೇ ಲಕ್ಷ. ಮುಂದೆ ಹದಿನಾಲ್ಕಕ್ಕೆ ಮಾರಿದರೆ ಕಾಗದದ ಮೇಲೆ ನಿಮ್ಮ ಲಾಭ ಹತ್ತು ಲಕ್ಷ, ನಿಜದಲ್ಲಿ ನಾಲ್ಕು. ಎರಡು ವರ್ಷ ದಾಟಿದ ಆಸ್ತಿಯ ಲಾಭಕ್ಕೆ ಈಗ 12.5 ಪರ್ಸೆಂಟ್ ತೆರಿಗೆ. ಇಲ್ಲದ ಆರು ಲಕ್ಷದ ಲಾಭಕ್ಕೆ 75 ಸಾವಿರ ಕಟ್ಟುತ್ತೀರಿ. ಸ್ಟ್ಯಾಂಪಿನಲ್ಲಿ ಉಳಿಸಿದ್ದು 45 ಸಾವಿರದ ಆಸುಪಾಸು. ಇನ್ನು ಆಸ್ತಿ ಮಾರಾಟಕ್ಕೆ 20 ಸಾವಿರ ಅಥವಾ ಅದಕ್ಕೂ ಹೆಚ್ಚು ಮುಂಗಡವನ್ನು ನಗದಾಗಿ ಪಡೆದವನಿಗೆ ಅಷ್ಟೇ ಮೊತ್ತದ ದಂಡ ಬೀಳಬಹುದು. ಇವತ್ತು ಕೊಳ್ಳುವ ನೀವು ನಾಳೆ ಮಾರುವವರೇ ಅಲ್ಲವೇ?

“ಭೂಮಿ ರೇಟ್ ಯಾವತ್ತೂ ಇಳಿಯೂದಿಲ್ಲ.”

ಇಳಿದದ್ದು ಕಾಣುವುದಿಲ್ಲ, ಅಷ್ಟೇ. ಷೇರಿನಂತೆ ದಿನಾ ಟಿವಿಯಲ್ಲಿ ಅದರ ಬೆಲೆ ಬರುವುದಿಲ್ಲ. ಮಾರಲು ಹೋದಾಗ ಗಿರಾಕಿ ಬರದಿದ್ದರೆ ಅದಕ್ಕೆ ನಾವು “ಇಳಿದಿದೆ” ಅನ್ನುವುದಿಲ್ಲ, “ಸದ್ಯ ಮಾರ್ಕೆಟ್ ತಂಪೈತಿ” ಅನ್ನುತ್ತೇವೆ. ಲೆಕ್ಕ ಹಾಕಿ. ಎಂಟು ಲಕ್ಷದ ಪ್ಲಾಟ್ ಎಂದುಕೊಳ್ಳಿ. ಸ್ಟ್ಯಾಂಪು-ನೋಂದಣಿಗೆ 60,800, ದಲಾಲಿ ಎರಡು ಪರ್ಸೆಂಟ್ ಹಿಡಿದರೆ 16 ಸಾವಿರ. ನಿಮ್ಮ ಕೈಯಿಂದ ಹೋದದ್ದು 8,76,800. ಅದೇ ದುಡ್ಡು ಏಳು ಪರ್ಸೆಂಟಿನ ಠೇವಣಿಯಲ್ಲಿ ಹತ್ತು ವರ್ಷ ಕೂತರೆ 17 ಲಕ್ಷ ದಾಟುತ್ತದೆ. ತೆರಿಗೆ ಎರಡೂ ಕಡೆ ಇದೆ, ಅದನ್ನು ಬಿಟ್ಟುಬಿಡೋಣ. ಹತ್ತು ವರ್ಷದ ಮೇಲೆ ಪ್ಲಾಟ್ 17 ಲಕ್ಷಕ್ಕೆ ಹೋದರೆ ನೀವು ಗೆದ್ದಿಲ್ಲ, ಬ್ಯಾಂಕಿನ ಜೊತೆ ಸಮ ಮಾಡಿಕೊಂಡಿದ್ದೀರಿ. ಎಂಟಕ್ಕೆ ಕೊಂಡದ್ದು ಹದಿನೈದಾಯಿತು ಎಂದು ಕಟ್ಟೆಯ ಮೇಲೆ ಮೀಸೆ ತಿರುವುವವರಲ್ಲಿ ಬಹಳ ಮಂದಿ ಈ ಲೆಕ್ಕದಲ್ಲಿ ಸೋತವರು.

ಗೆಲ್ಲುವ ಪ್ಲಾಟುಗಳೂ ಇವೆ. ನೀರಿನ ನಲ್ಲಿ, ವಿದ್ಯುತ್ತು, ಶಾಲೆಗೆ ನಡೆದು ಹೋಗುವ ದೂರ, ಸುತ್ತ ನಾಲ್ಕು ಮನೆ ಆಗಲೇ ಎದ್ದಿರುವ ಕಡೆ ಅವು ಸಿಗುತ್ತವೆ. ನೀರಿನ ಮಾತನ್ನು ಒತ್ತಿ ಹೇಳುತ್ತೇನೆ. ನಮ್ಮ ತಾಲ್ಲೂಕಿನ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು ಎಂಬುದು ಹೊಸ ಸುದ್ದಿಯಲ್ಲ. “ಎರಡಿಂಚು ನೀರು ಬಿದ್ದೈತಿ” ಎಂದು ಬೋರ್ ತೋರಿಸಿದರೆ ಸಾಲದು, ಕುಡಿಯುವ ನೀರಿನ ಪೈಪು ಎಲ್ಲಿಯವರೆಗೆ ಬಂದಿದೆ ಎಂದು ಕೇಳಿ. ನೆಲ ಎರೆಯೋ ಮಸಾರಿಯೋ ಅದನ್ನೂ ನೋಡಿ. ಎರೆಯಲ್ಲಿ ಪಾಯ ಗಟ್ಟಿ ಮಾಡಲು ಹೆಚ್ಚಿಗೆ ಹೋಗುವ ದುಡ್ಡನ್ನು ಪ್ಲಾಟಿನ ರೇಟಿಗೇ ಸೇರಿಸಿ ಚೌಕಾಸಿ ಮಾಡಿ.

“ರೇರಾ-ಗೀರಾ ಎಲ್ಲ ಬೆಂಗಳೂರಿನವ್ರಿಗೆ.”

ಯೋಜನಾ ಪ್ರದೇಶದೊಳಗೆ 500 ಚದರ ಮೀಟರ್ ಮೀರಿದ ನೆಲದಲ್ಲಿ ಪ್ಲಾಟ್ ಹಾಕಿ ಮಾರುವವರು ರೇರಾದಲ್ಲಿ, ಅಂದರೆ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದಲ್ಲಿ, ನೋಂದಾಯಿಸಬೇಕು. 500 ಚದರ ಮೀಟರ್ ಅಂದರೆ ಹೆಚ್ಚುಕಡಿಮೆ ಐದು ಗುಂಟೆ. ಐದು ಗುಂಟೆಯೊಳಗೆ ಬಡಾವಣೆ ಹಾಕುವವರು ಕುಷ್ಟಗಿಯಲ್ಲೂ ಇಲ್ಲ. ನೋಂದಾಯಿತ ಯೋಜನೆಯಲ್ಲಿ ಇಕರಾರು ನೋಂದಣಿಯಾಗದೆ ಬೆಲೆಯ ಹತ್ತು ಪರ್ಸೆಂಟಿಗಿಂತ ಹೆಚ್ಚು ಮುಂಗಡ ತೆಗೆದುಕೊಳ್ಳುವಂತಿಲ್ಲ. ಕರ್ನಾಟಕ ರೇರಾದ ಜಾಲತಾಣದಲ್ಲಿ ಜಿಲ್ಲೆ ಕೊಪ್ಪಳ ಎಂದು ಹಾಕಿದರೆ ಪಟ್ಟಿ ಬರುತ್ತದೆ. ನಿಮ್ಮ ಬಡಾವಣೆಯ ಹೆಸರು ಅದರಲ್ಲಿದೆಯೇ? ಇಲ್ಲದಿದ್ದರೆ ಯಾಕಿಲ್ಲ ಎಂದು ಮಾಲೀಕರನ್ನೇ ಕೇಳಿ, ದಲಾಲರನ್ನಲ್ಲ.

“ತಿಂಗಳಾ ತಿಂಗಳಾ ಕಂತು ಕಟ್ಟಿದ್ರಾತು, ಕೊನೀಗೆ ಪ್ಲಾಟ್. ಬಡವ್ರಿಗೆ ಇದ ಚಲೋ.”

ಪಿಎಸಿಎಲ್ ಎಂಬ ಕಂಪನಿ ಇದನ್ನೇ ಹೇಳಿ ದೇಶದ ತುಂಬ ಸುಮಾರು 5.8 ಕೋಟಿ ಜನರಿಂದ 49,100 ಕೋಟಿ ರೂಪಾಯಿ ಎತ್ತಿತ್ತು. ದುಡ್ಡು ಹಿಂದಿರುಗಿಸಿ ಎಂದು ಸೆಬಿ ಆದೇಶ ಕೊಟ್ಟದ್ದು 2014ರಲ್ಲಿ. ನಿವೃತ್ತ ಮುಖ್ಯ ನ್ಯಾಯಮೂರ್ತಿ ಲೋಧಾ ಅವರ ಸಮಿತಿ ಕೂತ ಮೇಲೂ ಜನ ವರ್ಷಗಟ್ಟಲೆ ಬಾಂಡು ಹಿಡಿದು ಅಲೆದರು. ಯಾವ ಸರ್ವೆ ನಂಬರಿನ ಯಾವ ಪ್ಲಾಟ್ ಎಂದು ಮೊದಲ ಕಂತಿನ ದಿನವೇ ನೋಂದಾಯಿತ ಕಾಗದದಲ್ಲಿ ಬರೆದುಕೊಡದ ಯಾವ ಸ್ಕೀಮಿಗೂ, ಲಕ್ಕಿ ಡ್ರಾದಲ್ಲಿ ಬೈಕ್ ಇದ್ದರೂ, ಹೋಗಬೇಡಿ.

“ಪ್ಲಾಟ್ ಯಾಕ? ಈಗ ಯಾರ್ ಬೇಕಾದ್ರೂ ಹೊಲಾ ತಗೋಬಹುದು. ಐದ್ ಮಂದಿ ಕೂಡಿ ಎಕರೆ ಹಿಡೀತೀವಿ.”

2020ರ ತಿದ್ದುಪಡಿ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿದ ಮೇಲೆ ಕೃಷಿಕರಲ್ಲದವರೂ ಹೊಲ ಕೊಳ್ಳಬಹುದು, ಹೌದು. ಆದರೆ ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನು ಸರ್ಕಾರದ ಅನುಮತಿ ಇಲ್ಲದೆ ಮಾರಾಟವಾಗಿದ್ದರೆ ಅದನ್ನು ಹಿಂದಕ್ಕೆ ಕೊಡಿಸುವ 1978ರ ಪಿಟಿಸಿಎಲ್ ಕಾಯ್ದೆ ಹಾಗೆಯೇ ಇದೆ. ತಡವಾಗಿ ಅರ್ಜಿ ಹಾಕಿದ್ದಾರೆಂದು ಕೋರ್ಟುಗಳು ಕೆಲವು ವರ್ಷ ತಳ್ಳಿಹಾಕಿದ್ದವು. 2023ರ ತಿದ್ದುಪಡಿ ಆ ಕಾಲಮಿತಿಯ ಅಡ್ಡಿಯನ್ನೂ ತೆಗೆಯಿತು. ಮೂರು ಕೈ ದಾಟಿ ಬಂದ ಹೊಲವೂ ಮೂಲ ಮಂಜೂರುದಾರರ ಮಕ್ಕಳಿಗೆ ಹಿಂದಿರುಗಬಹುದು. ಅದು ಅವರ ನ್ಯಾಯವಾದ ಹಕ್ಕು, ಅದರ ಬಗ್ಗೆ ನನಗೆ ತಕರಾರಿಲ್ಲ. ಮಂಜೂರಾತಿ ಕಡತ ನೋಡದೆ ಕೊಳ್ಳಬೇಡಿ ಎಂದಷ್ಟೇ ನನ್ನ ಮಾತು. ಇನ್ನು ಐದು ಜನ ಕೂಡಿ ಕೊಂಡ ಎಕರೆ: ಒಬ್ಬನಿಗೆ ದುಡ್ಡು ಬೇಕಾದ ದಿನ ಉಳಿದ ನಾಲ್ವರ ಸಹಿ ಬೇಕು, ತುಂಡು ಮಾರಲು 11ಇ ನಕ್ಷೆ ಬೇಕು, ಪೋಡಿ (ಸರ್ವೆ ನಂಬರಿನ ವಿಂಗಡಣೆ) ಆಗಬೇಕು, ಹದ್ದುಬಸ್ತು (ಗಡಿ ಗುರುತು) ಆಗಬೇಕು. ಐವರೂ ಅಷ್ಟು ವರ್ಷ ಮಾತಾಡಿಕೊಂಡು ಇದ್ದರೆ ನನಗೂ ತಿಳಿಸಿ.

“ಕಾವೇರಿ ಬಂದ ಮ್ಯಾಲ ನಿಮ್ಮ ದಂಧಾ ಕುಂತೈತಿ. ಅದಕ್ಕ ಮಂದೀನ್ನ ಹೆದರಸ್ತೀರಿ.”

ಕುಂತಿದೆ, ಸುಳ್ಳಲ್ಲ. ನೋಂದಣಿ ಇಲಾಖೆಯ ಕಾವೇರಿ 2.0 ತಂತ್ರಾಂಶದಲ್ಲಿ ಮನೆಯಲ್ಲಿ ಕೂತು ಅರ್ಜಿ ತುಂಬಿ ದಿನ ಗೊತ್ತುಮಾಡಿಕೊಂಡು ಬರುವ ಹುಡುಗರಿದ್ದಾರೆ. ಆದರೆ ಜನ ಹೆದರಿ ಕೊಳ್ಳದೇ ಹೋದರೆ ನನಗೆ ಬರೆಯಲು ಪತ್ರವೇ ಇರುವುದಿಲ್ಲ. ನನ್ನ ದಂಧೆಯ ಲಾಭ ನೋಡುವವನಾಗಿದ್ದರೆ “ಹಿಡೀರಿ, ಹಿಡೀರಿ” ಎಂದು ನಾನೂ ಕೂಗಬೇಕಿತ್ತು.

ಕೊನೆಯದು ಒಬ್ಬ ಬಸ್ ಕಂಡಕ್ಟರು ಹೇಳಿದ್ದು. ಇಲ್ಲಿಯತನಕದ ಆಕ್ಷೇಪಗಳಲ್ಲಿ ತೂಕವಿದ್ದದ್ದು ಇದಕ್ಕೇ. “ಅಣ್ಣಾರ, ನೀವು ಹೇಳೂ ಪ್ಲಾಟಿನ ರೇಟಿನಾಗ ನನಗ ಅರ್ಧಾನೂ ಆಗೂದಿಲ್ಲ. ಕಾಗದ ಕರೆಕ್ಟ್ ಇದ್ದದ್ದು ಸಾವಕಾರ್ರಿಗೆ, ಬಡವ್ರಿಗೆ ರೆವಿನ್ಯೂನ ಗತಿ.”

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರವಿಲ್ಲ. ಸಣ್ಣ ಊರುಗಳಲ್ಲಿ ಸರ್ಕಾರವೇ ಬಡಾವಣೆ ಮಾಡಿ ಕೊಡದಿದ್ದರೆ ಸರಿಯಾದ ಕಾಗದದ ಪ್ಲಾಟ್ ಕಡಿಮೆಯೇ ಇರುತ್ತದೆ, ಕಡಿಮೆ ಇದ್ದದ್ದಕ್ಕೆ ರೇಟು ಹೆಚ್ಚು. ಇರಲು ಸೂರಿಲ್ಲದವನು ಏನು ಸಿಗುತ್ತದೋ ಅದನ್ನು ಕೊಂಡು ಮನೆ ಕಟ್ಟಿಕೊಳ್ಳುತ್ತಾನೆ. ಅವನಿಗೆ ಬುದ್ಧಿ ಹೇಳಲು ನಾನು ಯಾರು? ಆದರೆ ಆ ಕಂಡಕ್ಟರಿಗೆ ದೋಟಿಹಾಳದಲ್ಲಿ ಅಪ್ಪನ ಮನೆ ಇದೆ, ಅವನು ಹುಡುಕುತ್ತಿದ್ದದ್ದು ಹೂಡಿಕೆ. ಹೂಡಿಕೆಗೆ ಅವಸರವಿಲ್ಲ. ಮೂವತ್ತು-ನಲವತ್ತೇ ಯಾಕೆ ಬೇಕು ಎಂದು ನಾನು ಕೇಳಿದೆ. ಒಪ್ಪಿಗೆಯಾದ ಬಡಾವಣೆಗಳ ಮೂಲೆಯಲ್ಲಿ ಇಪ್ಪತ್ತು-ಮೂವತ್ತರ ಪ್ಲಾಟುಗಳೂ ಇರುತ್ತವೆ, 600 ಚದರ ಅಡಿ, ದೊಡ್ಡದರ ಅರ್ಧ. ದೊಡ್ಡ ಗಿರಾಕಿಗಳು ಅವನ್ನು ಮೂಸಿ ನೋಡುವುದಿಲ್ಲ, ಸಣ್ಣ ನೌಕರಿಯವರಿಗೆ ಮುಂದೆ ಮಾರಲು ಅವೇ ಸುಲಭ. ಕುಷ್ಟಗಿಯಲ್ಲಿ ಸಿಗದಿದ್ದರೆ ಹನುಮಸಾಗರ, ತಾವರಗೇರಾ, ಯಲಬುರ್ಗಾದಲ್ಲಿ ಕೇಳಬಹುದು. ಎಲ್ಲೂ ಸಿಗದಿದ್ದರೆ ದುಡ್ಡು ಬ್ಯಾಂಕಿನಲ್ಲೇ ಇರಲಿ, ದಲಾಲರಿಗೆ ಫೋನ್ ನಂಬರ್ ಕೊಟ್ಟು ಬನ್ನಿ. ಅವರು ಮರೆಯುವುದಿಲ್ಲ.